ಹತ್ತಿರವಾದ ನಕ್ಷತ್ರ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಸಾವಿರಾರು ನಕ್ಷತ್ರಗಳು ಉಂಡೆಗಟ್ಟಿದಂತಿರುವ ಗೋಳಗುಚ್ಛವೊಂದರಲ್ಲಿ ಬೆಳಕು ಏರಿಳಿಯುವ ನಕ್ಷತ್ರಗಳನ್ನು ತಾರಸಿಯ ದೂರದರ್ಶಕದಲ್ಲಿ ಗಮನಿಸುವುದು ನನ್ನ ಹುಚ್ಚು. “ಆಕಾಶಕ್ಕೆ ಏಣಿ ಹಾಕಿದ್ದು ಸಾಕು, ಮಲ್ಕೊಳ್ಳಿ ಬನ್ನಿ,” ಅನ್ನುತ್ತಾಳೆ ಹೆಂಡತಿ.

ಕಳೆದ ವಾರ ಅವುಗಳಲ್ಲೊಂದು ಮಸುಕಾಯಿತು. ಕಣ್ಣಿಡುವ ಕೊಳವೆಯನ್ನು ತುಸು ಹೊರಗೆಳೆದರೆ ಅದೊಂದೇ ಸ್ಪಷ್ಟ, ಉಳಿದವೆಲ್ಲ ಮಸುಕು. ಹಾಗೆ ಎಳೆಯುವುದು ಹತ್ತಿರದ್ದನ್ನು ನೋಡುವುದಕ್ಕೆ. ದಿನದಿನಕ್ಕೆ ಇನ್ನಷ್ಟು ಎಳೆಯಬೇಕಾಯಿತು.

ನಿನ್ನೆ ರಾತ್ರಿ ಕೊಳವೆ ಇನ್ನು ಬಾರದೆ ನಿಂತಿತು. ಅಷ್ಟರಲ್ಲಿ ಮೋಡ ದಟ್ಟೈಸಿ ಆಕಾಶವೇ ಮುಚ್ಚಿಹೋಯಿತು. ಸದ್ಯ ಎಂದು ಕಣ್ಣು ತೆಗೆದೆ.

ಮಳೆ ಬಂದೀತೆಂದು ಒಣಹಾಕಿದ ಬಟ್ಟೆ ತೆಗೆಯಲು ಬಂದ ಹೆಂಡತಿ ನನ್ನ ತೋಳು ಹಿಡಿದಳು.

“ರೀ, ಮೋಡದಿಂದ ಈಚೆ ಅದೇನದು ಹೊಳೀತಿರೋದು?”

ಹಗ್ಗದ ಮೇಲಿನ ಬಟ್ಟೆಗಳ ನೆರಳು ನಮ್ಮ ಕಾಲಬುಡದಲ್ಲಿ ಮೆಲ್ಲಗೆ ಕಪ್ಪಾಗುತ್ತಿತ್ತು.