ನಮ್ಮವ್ವ ಬರೆದ ಪತ್ರಗಳು

ನಾನು ಸರ್ಕಾರಿ ಪತ್ರಾಗಾರದ ನೌಕರ. ಕಳೆದ ಮೇ ತಿಂಗಳಲ್ಲಿ, ತೀರಿಕೊಂಡಿದ್ದ ಮಾಜಿ ಮಂತ್ರಿ ಅಣವೀರಪ್ಪನವರ ಖಾಸಗಿ ಕಾಗದಪತ್ರಗಳನ್ನು ಸರ್ಕಾರ ಖರೀದಿಸಿತು. ಅವನ್ನು ತರಲು ಶಹಾಬಾದಿನ ಅವರ ಮನೆಗೆ ಹೋದೆ.

ಮಟಮಟ ಮಧ್ಯಾಹ್ನ. ಅಂಗಳ ಕಾದ ಹಂಚಿನಂತಿತ್ತು. ಅವರು ಓದುತ್ತಿದ್ದ ಕೋಣೆಯ ಫರಸಿ ಕಲ್ಲಿನ ನೆಲ ಮಾತ್ರ ಬರಿಗಾಲಿಗೆ ಕೊರೆಯುವಷ್ಟು ತಣ್ಣಗಿತ್ತು.

ಮಗಳು ಚಂದ್ರಕಲಾ ಒಂದು ಗಂಟನ್ನು ಎದೆಗೊತ್ತಿಕೊಂಡು ನಿಂತರು. “ಇವು ನಮ್ಮವ್ವ ಅಪ್ಪಾಜಿಗೆ ಬರ್ದ ಪತ್ರ ಸರ್. ಅಪ್ಪಾಜಿ ನಮಗೂ ತೋರ್ಸಿಲ್ಲರಿ. ಇವಷ್ಟು ಬಿಟ್ಟು ಹೋಗ್ರಿ.”

“ಕರಾರಿನಲ್ಲಿ ಎಲ್ಲವೂ ಸೇರಿದೆಯಮ್ಮ,” ಎಂದು ಇಸಿದುಕೊಂಡೆ.

ಬೆನ್ನ ಹಿಂದೆ ಯಾರೋ ಮುದುಕರು ಗಂಟಲು ಸರಿಮಾಡಿಕೊಂಡರು. ತಿರುಗಿದರೆ ಖಾಲಿ ಕುರ್ಚಿ. ಅದರ ಮೆತ್ತೆ ಮುಟ್ಟಿದೆ, ಬೆಚ್ಚಗಿತ್ತು. ಚಂದ್ರಕಲಾ ತಲೆ ಎತ್ತಲಿಲ್ಲ.

ಪೆಟ್ಟಿಗೆಗೆ ನಾನೇ ಅರಗಿನ ಮೊಹರು ಹಾಕಿದೆ. ಮೂರನೆಯ ದಿನ ಕಚೇರಿಯಲ್ಲಿ ಎಲ್ಲರೆದುರು ಅದನ್ನು ಒಡೆದಾಗ, ಆ ಗಂಟಿನ ಹಾಳೆಗಳಲ್ಲಿ ಒಂದಕ್ಷರವೂ ಇರಲಿಲ್ಲ. ಉಳಿದ ಕಾಗದಗಳೆಲ್ಲ ಹಾಗೇ ಇದ್ದವು.

ಚಂದ್ರಕಲಾ ಅವರಿಗೆ ಫೋನು ಮಾಡಿದೆ.

“ಆ ಪತ್ರ ವಾಪಸ್ ಕಳಿಸ್ರಿ ಸರ್,” ಎಂದು ಅತ್ತರು. “ಮೂರು ದಿನಾತು, ಆ ಕೋಣ್ಯಾಗ ಅಪ್ಪಾಜಿ ಜೋರಾಗಿ ಓದ್ಲಿಕತ್ತಾರ. ಮಗಳು ಕೇಳಬಾರದ್ದೆಲ್ಲಾ ಕೇಳ್ಲಿಕತ್ತೀನಿ.”

ಹಾಳೆಗಳು ಇಂದಿಗೂ ನಮ್ಮ ಕಪಾಟಿನಲ್ಲಿವೆ. ಖರೀದಿಸಿದ್ದನ್ನು ಮರಳಿಸಲು ನಿಯಮವಿಲ್ಲ.