ಗಂಗೋಜನ ಹಸಿರು ಕಾರು ಮಾರಾಟಕ್ಕೆ ನಿಂತದ್ದು

ಬಹಳ ಹಿಂದೆ, ಕಡಲಿಗೂ ಬೆಟ್ಟಕ್ಕೂ ನಡುವೆ ಮುತ್ತಿನಕೋಟೆಯೆಂಬ ರಾಜ್ಯವಿತ್ತು. ಅಲ್ಲಿ ಆನೆಗಳು ಮಾತಾಡುತ್ತಿದ್ದವು, ಮೋಡಗಳು ಕರೆದರೆ ಬರುತ್ತಿದ್ದವು, ಕಾರುಗಳೂ ಓಡುತ್ತಿದ್ದವು. ಅಷ್ಟು ಹಿಂದೆ ಕಾರೆಲ್ಲಿತ್ತು ಎಂದು ಕೇಳಬೇಡಿ, ಕತೆ ಹೇಳುತ್ತಿರುವವನು ನಾನು. ಆ ರಾಜ್ಯದಲ್ಲಿ ಒಂದು ಕಟ್ಟಳೆಯಿತ್ತು. ಏನನ್ನೇ ಮಾರುವುದಿದ್ದರೂ ಕೋಟೆಬಾಗಿಲಲ್ಲಿ ನಿಂತು ಮೊದಲು ಅದರ ದೋಷಗಳನ್ನೆಲ್ಲ ಹೇಳಬೇಕು, ಬೆಲೆಯ ಮಾತು ಆಮೇಲೆ.

ಅಲ್ಲಿ ಗಂಗೋಜನೆಂಬ ಕಾರು ಮೇಸ್ತ್ರಿ ಇದ್ದ. ಅವನ ಹೆಂಡತಿ ಮುದ್ದವ್ವ. ಶಿಷ್ಯ ಕೇತ ಹೆತ್ತವರಿಲ್ಲದವನು, ಅವರ ಮನೆಯ ಅನ್ನ ಉಂಡು ಬೆಳೆದವನು. ಒಂದು ದಿನ ಮುದ್ದವ್ವ ತವರಿಗೆ ಹೋಗಿದ್ದಾಗ ಕಿಲುಬಯ್ಯನೆಂಬ ಮಾಂತ್ರಿಕ ಹಳೆಯ ಕಾರೊಂದನ್ನು ಎಳೆಸಿಕೊಂಡು ಬಂದ. ಕಡಲಾಚೆಯ ಇಂಗ್ಲೆಂಡಿನಲ್ಲಿ ಮಾಡಿದ, ಇಬ್ಬರೇ ಕೂರುವ ಓಟದ ಕಾರು ಅದು. ತಳವೆಲ್ಲ ತುಕ್ಕು ಹಿಡಿದಿತ್ತು.

"ತುಕ್ಕಿನ ಮೇಲೆ ಬಣ್ಣ ಹೊಡೆದುಕೊಡು. ಹೊಸದು ಅಂತ ರಾಜನಿಗೆ ಮಾರ್ತೀನಿ" ಎಂದ ಕಿಲುಬಯ್ಯ.

"ಅಂಥ ಕೆಲಸ ನನ್ನ ಕೈಲಿ ಆಗೋದಿಲ್ಲ ಸ್ವಾಮಿ" ಎಂದ ಗಂಗೋಜ.

ಮಾಂತ್ರಿಕನಿಗೆ ಮೈಯೆಲ್ಲ ಉರಿದುಹೋಯಿತು. "ದೋಷ ಹೇಳಿಯೇ ಮಾರಬೇಕೇನೋ? ಹಾಗಾದರೆ ನೀನೇ ಇದರೊಳಗೆ ಸೇರು! ನಿನ್ನ ದೋಷಗಳೆಲ್ಲ ಇದಕ್ಕೆ ಬರಲಿ. ಅದನ್ನೆಲ್ಲ ಕೇಳಿಯೂ ಕೊಳ್ಳುವವರು ಸಿಕ್ಕಿದರೆ ಹೊರಗೆ ಬಾ. ಒಂದೇ ಒಂದು ದೋಷ ಮುಚ್ಚಿ ಮಾರಿದರೂ, ಈ ಗುಟ್ಟು ಬಾಯಿಬಿಟ್ಟರೂ ಎಂದೆಂದಿಗೂ ಕಬ್ಬಿಣವಾಗಿರು!"

ಗಂಗೋಜ ಮಾಯವಾದ. ಕಾರು ಮಾತ್ರ ಒಮ್ಮೆ ಗೊರ್ ಎಂದಿತು. ಕಿಲುಬಯ್ಯ ಅದನ್ನು ಅಲ್ಲೇ ಬಿಟ್ಟು ಹೊರಟುಹೋದ. ಕೇತ ಇದನ್ನೆಲ್ಲ ಕಣ್ಣಾರೆ ಕಂಡ. ಮುದ್ದವ್ವ ಬಂದು ಕೇಳಿದಾಗ, "ಮೇಸ್ತ್ರಿಗಳು ಎಲ್ಲಿಗೆ ಹೋದರೋ ಕಾಣೆನವ್ವ" ಎಂದು ತಲೆ ತಗ್ಗಿಸಿದ. ಪಾಪ, ಇನ್ನೇನು ತಾನೇ ಹೇಳಿಯಾನು?

ಏಳು ವರ್ಷ ಕೇತ ಆ ಕಾರಿಗೆ ಜೀವ ತೇದ. ತುಕ್ಕು ಉಜ್ಜಿದ, ತಗಡು ಬಡಿದ, ಎಂಜಿನ್ ಬಿಚ್ಚಿ ಜೋಡಿಸಿದ. ಗಾಲಿಯ ತಂತಿಕಡ್ಡಿಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿದ. ಮಾವಿನೆಲೆಯ ಹಸಿರು ಬಣ್ಣ ಹೊಡೆದ. ಆದರೆ ಮೇಸ್ತ್ರಿಯಿಂದ ಬಂದ ಮೂರು ದೋಷಗಳು ಏನು ಮಾಡಿದರೂ ಹೋಗಲಿಲ್ಲ. ಕೊನೆಗೆ ಕಾರನ್ನು ತಂದು ಕೋಟೆಬಾಗಿಲಲ್ಲಿ ಮಾರಾಟಕ್ಕೆ ನಿಲ್ಲಿಸಿದ.

ಮೊದಲು ದಂಡನಾಯಕ ಬಂದ. "ಒಡೆಯರೇ, ಇದು ನಿಂತಲ್ಲೆಲ್ಲ ಎಣ್ಣೆ ಸೋರಿಸುತ್ತೆ" ಎಂದ ಕೇತ. ಉಳಿದೆರಡನ್ನು ಕೇಳುವ ಮೊದಲೇ ದಂಡನಾಯಕ ಪಂಚೆ ಎತ್ತಿಕಟ್ಟಿ ಹೊರಟುಹೋದ.

ಎರಡನೆಯವನು ಜವಳಿ ವ್ಯಾಪಾರಿ. "ಎಣ್ಣೆ ಸೋರುತ್ತೆ. ಬೆಳಿಗ್ಗೆ ಮೂರು ಸಲ ಪುಸಲಾಯಿಸದೆ ಏಳೋದಿಲ್ಲ" ಎಂದ ಕೇತ.

"ಪರವಾಗಿಲ್ಲ ಬಿಡು. ಅಷ್ಟೇನಾ?"

ಮೂರನೆಯದನ್ನು ಹೇಳಲು ಕೇತನಿಗೆ ನಾಲಗೆ ಏಳಲಿಲ್ಲ. ಗುರುವಿನ ದೋಷವನ್ನು ಶಿಷ್ಯ ಎತ್ತಿ ಆಡುವುದುಂಟೇ? "ಅಷ್ಟೇ" ಎಂದುಬಿಟ್ಟ. ಒಡನೆ ಕಾರಿನ ಹಾರನ್ ತಾನೇ ತಾನಾಗಿ ಅರಚಿಕೊಂಡಿತು. ಕೇತ ಕೆನ್ನೆ ಕೆನ್ನೆ ಬಡಿದುಕೊಂಡ. "ಕ್ಷಮಿಸಿ ಶೆಟ್ಟರೇ, ಇನ್ನೂ ಒಂದಿದೆ. ಇದು ಹಿಂದಕ್ಕೆ ಬರೋದೇ ಇಲ್ಲ. ತಪ್ಪು ದಾರಿ ಹಿಡಿದರೂ ಮುಂದಕ್ಕೇ ಹೋಗುತ್ತೆ." ಶೆಟ್ಟರು ಕೈಮುಗಿದು ನಡೆದರು.

ಮೂರನೆಯವನು ಬಂಗಾರದ ಶಲ್ಯ ಹೊದ್ದ ಚೆಲುವ ರಾಜಕುಮಾರ. ಬೇರೆ ಯಾರೂ ಅಲ್ಲ, ವೇಷ ಹಾಕಿದ ಕಿಲುಬಯ್ಯ.

"ದೋಷಗೀಷ ಏನೂ ಹೇಳಬೇಡ. ಒಂದು ಬಂಡಿ ಬಂಗಾರ ಕೊಡ್ತೀನಿ, ಬಿಟ್ಟುಕೊಡು" ಎಂದ.

"ಕೇಳದವರಿಗೆ ಮಾರೋದಿಲ್ಲ ದೊರೆ" ಎಂದ ಕೇತ. ಕಿಲುಬಯ್ಯ ಹಲ್ಲು ಕಡಿದು ಗೋಡೆಯ ಪಕ್ಕ ಸರಿದು ನಿಂತ.

ಆಗ ಮುದ್ದವ್ವ ಬಂದಳು. ಕಿವಿಯ ಓಲೆ ಬಿಚ್ಚಿ ಅಂಗೈಯಲ್ಲಿ ಹಿಡಿದಿದ್ದಳು. "ಈ ಕಾರು ನನಗೆ ಕೊಡಪ್ಪಾ ಕೇತ. ಏಳು ವರ್ಷ ಕಾದೆ. ಇನ್ನು ಕೂತಿರಲಾರೆ. ನಿಮ್ಮ ಮೇಸ್ತ್ರಿಗಳನ್ನ ಹುಡುಕ್ಕೊಂಡು ನಾನೇ ಹೋಗ್ತೀನಿ."

ಗುಟ್ಟು ನಾಲಗೆಯ ತುದಿಗೆ ಬಂದರೂ ಕೇತ ನುಂಗಿಕೊಂಡ. "ಅವ್ವಾ, ಎಣ್ಣೆ ಸೋರುತ್ತೆ."

"ಒರೆಸಿದರಾಯ್ತು."

"ಬೆಳಿಗ್ಗೆ ಪುಸಲಾಯಿಸದೆ ಏಳೋದಿಲ್ಲ."

"ಅಂಥವರ ಜೊತೇಲೇ ಸಂಸಾರ ಮಾಡಿದ್ದೀನಿ ಕಣಪ್ಪ."

"ಹಿಂದಕ್ಕೆ ಬರೋದೇ ಇಲ್ಲ."

ಮುದ್ದವ್ವ ಕಾರಿನ ಮೇಲೆ ಕೈಯಿಟ್ಟಳು. "ಅವರು ಸಿಗೋವರೆಗೂ ನಾನೂ ಹಿಂದಕ್ಕೆ ಬರೋಳಲ್ಲ" ಎಂದಳು.

ಓಲೆ ಕೇತನ ಕೈಗೆ ಬಿದ್ದದ್ದೇ ತಡ, ಕಾರಿನ ಬಾಗಿಲು ತೆರೆಯಿತು. ಗಂಗೋಜ ಕಣ್ಣುಜ್ಜಿಕೊಳ್ಳುತ್ತ ಇಳಿದ. ಅತ್ತ ಕಿಲುಬಯ್ಯನ ಶಲ್ಯ, ಚೆಲುವು ಎಲ್ಲ ಹಳೆಯ ಬಣ್ಣದಂತೆ ಚಕ್ಕೆ ಚಕ್ಕೆಯಾಗಿ ಉದುರಿದವು. ಒಳಗೆ ಬರೀ ತುಕ್ಕು. ಗಾಳಿ ಬೀಸಿ ಅದನ್ನು ಹೊತ್ತುಕೊಂಡು ಹೋಯಿತು.

ಮುದ್ದವ್ವ ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ಅತ್ತಳು, ನಕ್ಕಳು. ಕೇತ ಕಾಲಿಗೆ ಬೀಳಲು ಬಗ್ಗಿದರೆ ಗಂಗೋಜ ತಡೆದ. ತಾನೇ ಬಗ್ಗಿ ಶಿಷ್ಯನ ಎಣ್ಣೆಗಪ್ಪಿನ ಕೈಗಳನ್ನು ಕಣ್ಣಿಗೊತ್ತಿಕೊಂಡ.

"ಏಳು ವರ್ಷ ಒಳಗಿದ್ದು ಈ ಕೈ ನೋಡಿದ್ದೀನಪ್ಪಾ. ನಮಗೆ ಮಕ್ಕಳಿಲ್ಲ ಅಂತ ಇನ್ಮೇಲೆ ಯಾರೂ ಹೇಳಬಾರದು" ಎಂದ.

ಅಲ್ಲಿಂದ ಮುಂದೆ ಮೂವರೂ ಒಂದೇ ಮನೆಯಲ್ಲಿ ಸುಖವಾಗಿ ಬಾಳಿದರು. ಕಾರಿನಲ್ಲಿ ಇರುವುದು ಎರಡೇ ಸೀಟು. ಹಾಗಾಗಿ ಹೊರಗೆ ಹೊರಟಾಗಲೆಲ್ಲ ಮುದ್ದವ್ವ ಕಾರು ನಡೆಸುತ್ತಿದ್ದಳು, ಪಕ್ಕದಲ್ಲಿ ಕೇತನನ್ನು ಕೂರಿಸಿಕೊಳ್ಳುತ್ತಿದ್ದಳು. ಮೇಸ್ತ್ರಿ ನಗುತ್ತ ಹಿಂದೆ ನಡೆದು ಬರುತ್ತಿದ್ದ.