ಬೀಗ ಬಿಚ್ಚಿದ ಬಾಗಿಲು

ನಮ್ಮತ್ತೆಯ ಹಳೇ ಮನೆಯನ್ನು ನಗರಸಭೆ ವಶಪಡಿಸಿಕೊಂಡು, ಜೀರ್ಣೋದ್ಧಾರಕ್ಕೆಂದು ಒಬ್ಬ ಬಿಲ್ಡರಿಗೆ ಮಾರಿತು. ಮಾತಾಡಬೇಕೆಂದು ಅತ್ತೆಯನ್ನು ಅಂಗಳಕ್ಕೆ ಕರೆದು, ಬೆನ್ನ ಹಿಂದೆಯೇ ಬೀಗ ಹಾಕಿಸಿದವನು ಅವನೇ. ಉರಿಬಿಸಿಲಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ಬಡಿಬಡಿದು ಸೋತ ಅತ್ತೆ, "ನೀನೂ ಹಿಂಗೇ ಬಡೀತೀಯ, ನೋಡ್ತಿರು," ಎಂದಿದ್ದಳು. ಆ ಬೇಸಿಗೆಯನ್ನು ಅವಳು ದಾಟಲಿಲ್ಲ.

ಕೆಲಸ ಶುರುವಾದ ದಿನ, ಒಳಗೇ ಉಳಿದಿದ್ದ ಅವಳ ಚಪ್ಪಲಿಯನ್ನಾದರೂ ತರೋಣವೆಂದು ಹೋದೆ. ಹಳೇ ಬೀಗವನ್ನೇ ಉಳಿಸಬೇಕೆಂದು ನಗರಸಭೆಯ ಷರತ್ತಿತ್ತು. ಬಡಗಿ ಅದನ್ನು ಬಾಗಿಲಿನಿಂದ ಬಿಚ್ಚಿ, ತುಕ್ಕು ಉಜ್ಜುತ್ತ ಮೆಟ್ಟಿಲ ಮೇಲೆ ಕೂತಿದ್ದ.

"ಚಪ್ಪಲಿನಾ? ಗುಜರಿಗೆ ಹೋಯ್ತು ಕಣಮ್ಮಾ. ನಿಮ್ಮತ್ತೆನೇ ಬಂದು ಕೇಳಿದ್ರೆ ಕೊಡ್ಸೋಣ ಬಿಡು," ಎಂದು ನಗುತ್ತ ಬಿಲ್ಡರ್ ಒಳಹೋದ. ನಾನು ಮನಸ್ಸಿನಲ್ಲೇ ಅತ್ತೆಯನ್ನು ಕರೆದೆ.

ಗಾಳಿಯೇ ಇರಲಿಲ್ಲ, ಬಾಗಿಲು ಮುಚ್ಚಿಕೊಂಡಿತು. ಒಳಗಿಂದ ಅಂಗೈಯಲ್ಲಿ ಬಡಿಯುವ ಸದ್ದು, ಥೇಟ್ ಅತ್ತೆ ಬಡಿದ ಹಾಗೆ: ಎರಡು ಬಡಿತ, ಬಿಡುವು, ಮತ್ತೆ ಎರಡು. ನಾನೂ ಬಡಗಿಯೂ ಭುಜ ಕೊಟ್ಟು ನೂಕಿದರೂ ಅಲುಗಲಿಲ್ಲ. ನೆರಳಲ್ಲಿದ್ದರೂ ಬಾಗಿಲ ಹಲಗೆ ಕಾವಲಿಯಂತೆ ಸುಡುತ್ತಿತ್ತು.

"ಬೀಗ ತೆಗೀರೋ!" ಒಳಗಿಂದ ಬಿಲ್ಡರ್ ಅರಚಿದ.

"ಬೀಗ ನನ್ನ ಕೈಲೇ ಇದೆಯಲ್ಲ ಸಾರ್," ಎಂದ ಬಡಗಿ.

ಬಾಗಿಲು ತಾನಾಗಿ ತೆರೆಯಿತು. ಬಿಲ್ಡರ್ ಬರಿಗಾಲಲ್ಲಿ ಕುಸಿದು ಕೂತಿದ್ದ, ಅಂಗಾಲೆಲ್ಲ ಬೊಬ್ಬೆ. ಖಾಲಿ ಮನೆಯನ್ನೆಲ್ಲ ಹುಡುಕಿದೆವು. ಅವನ ಬೂಟು ಇವತ್ತಿನವರೆಗೂ ಸಿಕ್ಕಿಲ್ಲ.